ಸಿಂಹಾಸನ ಬಿಟ್ಟಿಳಿಯುವ ನಾಯಿ

ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೆ ಏನಾಗುತ್ತದೆ ಎಂಬ ಗಾದೆ ಕನ್ನಡ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಗಾದೆಯ ಮೊದಲರ್ಧವನ್ನು ಮೇಷ್ಟ್ರುಗಳು ತರಗತಿಯಲ್ಲಿ ಧಾರಾಳವಾಗಿ ಬಳಸುತ್ತಾರೆ. ಉಳಿದರ್ಧವನ್ನು ಮಕ್ಕಳು ತಮ್ಮ ತಮ್ಮಲ್ಲೇ ಪೂರ್ತಿಮಾಡಿಕೊಂಡು ಕಿಸಕ್ಕನೆ ನಗುತ್ತಾರೆ. ಪತ್ರಿಕೆಯಲ್ಲಿ ಅಚ್ಚು ಹಾಕಲು ಮುಜುಗರವಾಗುವಂಥ ಆ ಉಳಿದರ್ಧ, ನಾಯಿ ಸಾಕಿದವರ ಮನೆಗಳಲ್ಲಿ ನಗುವ ವಿಷಯವಲ್ಲ.

ಒಂದು ಭಾನುವಾರದ ಬೆಳಗನ್ನು ಕಲ್ಪಿಸಿಕೊಳ್ಳಿ. ಹಜಾರದಲ್ಲಿ ನೆಂಟರು ಕಾಫಿ ಹೀರುತ್ತಿದ್ದಾರೆ. ಆರು ತಿಂಗಳ ಲ್ಯಾಬ್ರಡಾರ್ ಮರಿ ಹಿತ್ತಲಿನಿಂದ ಕಿವಿ ಬಡಿದುಕೊಂಡು ಓಡಿ ಬರುತ್ತದೆ. ತೊಡೆ ಮೇಲಿದ್ದ ಕೂಸಿನ ಕೆನ್ನೆಯನ್ನು ಒಮ್ಮೆ ಚೆನ್ನಾಗಿ ನೆಕ್ಕುತ್ತದೆ. ‘ಎಷ್ಟು ಮುದ್ದಾಗಿದೆ!’ ಎಂದು ಎಲ್ಲರೂ ಮೆಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಕೆಲಸದಾಕೆ ಹಿತ್ತಲ ಬಾಗಿಲಲ್ಲಿ ನಿಂತು, ‘ಅಮ್ಮಾ, ನಿಮ್ಮ ನಾಯಿ ತಾನು ಮಾಡಿದ್ದನ್ನ ತಾನೇ ತಿಂದ್ಬಿಡ್ತು ನೋಡಿ’ ಎಂದು ಕೂಗುತ್ತಾಳೆ. ಕಾಫಿ ಲೋಟಗಳು ಕೆಳಗಿಳಿಯುತ್ತವೆ. ಅಜ್ಜಿ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ.

ಆ ದಿನದಿಂದ ಮರಿಯ ಗ್ರಹಗತಿಯೇ ಬದಲಾಗುತ್ತದೆ. ಮಂಚದ ಕೆಳಗೆ ಮಲಗುತ್ತಿದ್ದದ್ದು ಕಾರ್ ಷೆಡ್ಡಿಗೆ ಬೀಳುತ್ತದೆ. ಸರಪಳಿಯ ಉದ್ದ ಕಡಿಮೆಯಾಗುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ, ‘ಇದನ್ನ ಯಾರಾದರೂ ತೋಟದ ಮನೆಯವರಿಗೆ ಕೊಟ್ಟುಬಿಡೋಣ’ ಎಂಬ ಮಾತು ಊಟದ ಹೊತ್ತಿನಲ್ಲಿ ಏಳುತ್ತದೆ. ತೋಟದ ಮನೆಯವರು ಸಿಗದಿದ್ದರೆ? ಊರಾಚೆ ಕಾರು ನಿಲ್ಲಿಸಿ, ಬಾಗಿಲು ತೆಗೆದು, ಇಳಿಸಿ ಬರುವವರೂ ಇದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವ ಸ್ಥಿತಿಗೆ ಸಾಕಿದ ಪ್ರಾಣಿಯನ್ನು ದೂಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ ಎಂಬುದು ಅಂಥವರಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹಿಡಿಯುವವರಿರುವುದಿಲ್ಲ. ಮನೆಯವರಿಗೆ ಅಸಹ್ಯವೆನಿಸುವ ಒಂದೇ ಒಂದು ಚಟಕ್ಕೆ ಒಳ್ಳೆಯ ನಾಯಿಯೊಂದು ಮನೆ ಕಳೆದುಕೊಳ್ಳುತ್ತದೆ.

ಪಶುವೈದ್ಯರ ಬಳಿ ಇದನ್ನು ಬಾಯಿಬಿಟ್ಟು ಹೇಳುವವರೂ ಕಡಿಮೆಯೇ. ತುರಿಕೆ, ವಾಂತಿ, ಉಣ್ಣೆ ಎಲ್ಲವನ್ನೂ ಹೇಳಿ, ಹೊರಡುವಾಗ ಬಾಗಿಲ ಬಳಿ ತಿರುಗಿ ನಿಂತು, ‘ಇನ್ನೊಂದು ವಿಷಯ ಡಾಕ್ಟ್ರೇ...’ ಎಂದು ತಗ್ಗಿದ ದನಿಯಲ್ಲಿ ಶುರು ಮಾಡುತ್ತಾರೆ.

ವೈದ್ಯಶಾಸ್ತ್ರ ಇದಕ್ಕೊಂದು ಗಂಭೀರವಾದ ಹೆಸರನ್ನೇ ಇಟ್ಟಿದೆ: ಕೊಪ್ರೊಫೇಜಿ. ಗ್ರೀಕ್ ಭಾಷೆಯಲ್ಲಿ ‘ಕೊಪ್ರೋಸ್’ ಎಂದರೆ ಸಗಣಿ, ಮಲ. ಉಳಿದದ್ದು ತಿನ್ನುವುದಕ್ಕೆ ಸಂಬಂಧಿಸಿದ್ದು. ಪ್ರಾಣಿ ಲೋಕದಲ್ಲಿ ಇದೇನೂ ಅಪರೂಪವಲ್ಲ. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ನೆಲಕ್ಕೆ ಬೀಳಲೂ ಬಿಡದೆ ತಿನ್ನುತ್ತದೆ. ಹಾಗೆ ತಿಂದರೇ ಅದಕ್ಕೆ ಆಹಾರದ ಪೂರ್ಣ ಸತ್ವ ದಕ್ಕುವುದು. ಆನೆ ಮರಿ ತಾಯಿಯ ಲದ್ದಿಯನ್ನು ತಿಂದು, ಸೊಪ್ಪುಸದೆ ಜೀರ್ಣಿಸುವ ಸೂಕ್ಷ್ಮಜೀವಿಗಳನ್ನು ತನ್ನ ಹೊಟ್ಟೆಗೆ ಇಳಿಸಿಕೊಳ್ಳುತ್ತದೆ. ಆನೆಯ ವಿಷಯ ಓದಿದಾಗ ‘ಎಂಥ ಸೋಜಿಗ’ ಎನ್ನುವ ನಾವೇ ನಾಯಿಯ ವಿಷಯಕ್ಕೆ ಮೂಗು ಮುಚ್ಚಿಕೊಳ್ಳುತ್ತೇವೆ. ಆನೆ ನಮ್ಮ ಕೆನ್ನೆ ನೆಕ್ಕಲು ಬರುವುದಿಲ್ಲವಲ್ಲ!

ತೋಳದ ಗುಹೆಯಿಂದ

ನಾಯಿಗೆ ಈ ಪಾಠ ಹುಟ್ಟಿದಂದಿನಿಂದಲೇ ಆಗುತ್ತದೆ. ಕಣ್ಣು ಬಿಡದ ಮರಿಗಳಿಗೆ ತಾವಾಗಿ ಮಲಮೂತ್ರ ವಿಸರ್ಜಿಸಲು ಬರುವುದಿಲ್ಲ. ತಾಯಿ ನಾಲಿಗೆಯಿಂದ ಅವುಗಳ ಹಿಂಭಾಗ ನೆಕ್ಕಿ ನೆಕ್ಕಿ ಮಾಡಿಸುತ್ತದೆ. ಬಂದದ್ದನ್ನು ತಾನೇ ತಿಂದು ಜಾಗ ಚೊಕ್ಕಟ ಮಾಡುತ್ತದೆ. ಸುಮಾರು ಮೂರು ವಾರ ಈ ಸೇವೆ ನಡೆಯುತ್ತದೆ. ಬಾಣಂತಿ ನಾಯಿಯ ಮೂಲೆಯಲ್ಲಿ ವಾಸನೆಯೇ ಇಲ್ಲವಲ್ಲ ಎಂದು ಅಚ್ಚರಿಪಡುವವರಿಗೆ ಕಾರಣ ಇದು. ಇದನ್ನು ತಡೆಯಲು ಹೋಗಬಾರದು.

ಆದರೆ ದೊಡ್ಡ ನಾಯಿಗಳು ತಿನ್ನುವುದೇಕೆ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ ಮತ್ತು ಅವರ ಸಂಗಡಿಗರು ಈ ‘ಹೇಳಲಾಗದ’ ವಿಷಯವನ್ನೇ ಹಿಡಿದು ನಾಯಿ ಸಾಕಿದವರಿಗೆ ಪ್ರಶ್ನಾವಳಿ ಕಳಿಸಿದರು. ಎರಡು ಸಮೀಕ್ಷೆಗಳು, ಒಂದಕ್ಕೆ 1552, ಇನ್ನೊಂದಕ್ಕೆ 1475 ಉತ್ತರಗಳು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಶೇಕಡ 16ರಷ್ಟು ನಾಯಿಗಳಿಗೆ ಈ ಚಟ ಬಲವಾಗಿಯೇ ಇತ್ತು, ಅಂದರೆ ಕನಿಷ್ಠ ಆರು ಬಾರಿಯಾದರೂ ಮಾಲೀಕರ ಕಣ್ಣಿಗೆ ಬಿದ್ದಿದ್ದವು. ಕಣ್ಣಿಗೆ ಬೀಳದ ಚಾಣಾಕ್ಷರ ಲೆಕ್ಕ ಬೇರೆ.

ಆ ಸಮೀಕ್ಷೆ ಕೆಲವು ಹಳೆಯ ನಂಬಿಕೆಗಳ ಬುಡಕ್ಕೇ ಕೈ ಹಾಕಿತು. ‘ಮರಿಬುದ್ಧಿ, ದೊಡ್ಡದಾದ ಮೇಲೆ ಬಿಡುತ್ತದೆ’ ಎನ್ನುತ್ತಾರಲ್ಲ, ಚಟಕ್ಕೂ ವಯಸ್ಸಿಗೂ ಸಂಬಂಧ ಕಾಣಲಿಲ್ಲ. ‘ಊಟದಲ್ಲಿ ಏನೋ ಕೊರತೆ’ ಎನ್ನುತ್ತಾರಲ್ಲ, ಆಹಾರದ ಬಗೆಗೂ ಚಟಕ್ಕೂ ಸಂಬಂಧ ಕಾಣಲಿಲ್ಲ. ‘ಕೊಳಕು ಜಾತಿಯ ನಾಯಿ’ ಎಂಬುದೂ ಸುಳ್ಳು. ಮನೆಯೊಳಗೆ ಗಲೀಜು ಮಾಡದಿರಲು ಈ ನಾಯಿಗಳು ಉಳಿದವುಗಳಷ್ಟೇ ಸುಲಭವಾಗಿ ಕಲಿತಿದ್ದವು. ಎದ್ದು ಕಂಡದ್ದು ಒಂದು ಗುಣ: ಹೊಟ್ಟೆಬಾಕತನ. ತಟ್ಟೆ ಇಟ್ಟೊಡನೆ ಗಬಗಬನೆ ಮುಗಿಸುವ ನಾಯಿಗಳಲ್ಲೇ ಚಟ ಹೆಚ್ಚು. ಲ್ಯಾಬ್ರಡಾರ್ ಮಾಲೀಕರು ಇಲ್ಲಿ ತಲೆಯಾಡಿಸಬಹುದು. ಆ ತಳಿಯ ಸುಮಾರು ನಾಲ್ಕನೇ ಒಂದು ಪಾಲು ನಾಯಿಗಳಲ್ಲಿ ಹಸಿವಿಗೆ ಸಂಬಂಧಿಸಿದ ಒಂದು ವಂಶವಾಹಿಯ ತುಣುಕೇ ಇಲ್ಲವೆಂದು ಕೇಂಬ್ರಿಜ್ ವಿಜ್ಞಾನಿಗಳು 2016ರಲ್ಲಿ ತೋರಿಸಿದ್ದಾರೆ. ಪಾಪ, ಅವಕ್ಕೆ ಹೊಟ್ಟೆ ತುಂಬಿದ್ದು ಗೊತ್ತಾಗುವುದೇ ಕಷ್ಟ.

ಇನ್ನೊಂದು ಸ್ವಾರಸ್ಯ. ಚಟವಿದ್ದ ನಾಯಿಗಳಲ್ಲಿ ಬಹುಪಾಲು ತಿನ್ನುತ್ತಿದ್ದದ್ದು ಎರಡು ದಿನದೊಳಗಿನ ಮಲವನ್ನು ಮಾತ್ರ. ಹಳತಾಗಿ ಒಣಗಿದ್ದನ್ನು ಮೂಸಿ ಮುಂದೆ ಹೋಗುತ್ತಿದ್ದವು. ಇದರಿಂದ ಹಾರ್ಟ್ ಒಂದು ಊಹೆಗೆ ಬಂದರು. ಮಲದೊಡನೆ ಹೊರಬೀಳುವ ಜಂತುಹುಳುಗಳ ಮೊಟ್ಟೆ ಕೂಡಲೇ ಸೋಂಕು ತರುವುದಿಲ್ಲ. ಮೊಟ್ಟೆಯೊಳಗೆ ಮರಿಹುಳು ಬಲಿಯಲು ದಿನಗಳು ಬೇಕು. ತೋಳಗಳು ಸಾಮಾನ್ಯವಾಗಿ ಗುಹೆಯಿಂದ ದೂರ ಹೋಗಿಯೇ ವಿಸರ್ಜಿಸುತ್ತವೆ. ಕಾಯಿಲೆಯ ತೋಳವೋ ಮರಿಯೋ ಗುಹೆಯ ಬಾಗಿಲಲ್ಲೇ ಮಾಡಿಬಿಟ್ಟರೆ, ಹುಳು ಬಲಿಯುವ ಮುನ್ನವೇ ಅದನ್ನು ತಿಂದು ಮುಗಿಸುವುದು ಇಡೀ ಹಿಂಡಿಗೆ ಕ್ಷೇಮ. ಆ ವಂಶಪಾರಂಪರ್ಯ ಕಸಬೇ ಇಂದು ಜಯನಗರದ ಹಿತ್ತಲಿನಲ್ಲೂ ನಡೆಯುತ್ತಿದೆ ಎಂಬುದು ಅವರ ವಾದ. ಊಹೆ ಸೊಗಸಾಗಿದೆ. ಆದರೆ ಊಹೆಯೇ. ಸಮೀಕ್ಷೆಯ ಉತ್ತರಗಳೂ ಮಾಲೀಕರು ನೆನಪಿನಿಂದ ಕೊಟ್ಟವು ಎಂಬುದನ್ನು ಮರೆಯಬಾರದು.

ತೋಳದವರೆಗೆ ಹೋಗದೆಯೂ ಉತ್ತರ ಸಿಗುತ್ತದೆ ಎನ್ನುವವರಿದ್ದಾರೆ. ನಾಯಿ ನಾಯಿಯಾದದ್ದೇ ಮನುಷ್ಯನ ತಿಪ್ಪೆಯ ಪಕ್ಕದಲ್ಲಿ ಎಂಬುದು ಅಮೆರಿಕದ ರೇಮಂಡ್ ಕಾಪಿಂಜರ್ ಮತ್ತು ಲೋರ್ನಾ ಕಾಪಿಂಜರ್ ದಂಪತಿಗಳು ಮಂಡಿಸಿದ ವಾದ. ಜಿಂಬಾಬ್ವೆಯ ಹಳ್ಳಿಗಾಡಿನ ನಾಯಿಗಳು ಏನು ತಿಂದು ಬದುಕುತ್ತವೆಂದು ಹುಡುಕಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವುಗಳ ಆಹಾರದಲ್ಲಿ ಮನುಷ್ಯರ ಮಲಕ್ಕೂ ಗಣನೀಯ ಪಾಲಿತ್ತು. ಅಷ್ಟು ದೂರ ಹೋಗುವುದೇಕೆ? ಕೆರೆಯ ಏರಿಗೆ ಚೊಂಬು ಹಿಡಿದು ಹೋಗುತ್ತಿದ್ದ ಕಾಲದ ಹಳ್ಳಿಗರನ್ನು ಕೇಳಿದರೆ ಸಾಕು, ಹಿಂದೆ ಕಾದು ನಿಲ್ಲುತ್ತಿದ್ದ ಊರನಾಯಿಗಳ ಕತೆ ಹೇಳುತ್ತಾರೆ.

ಚಟವೋ, ಕಾಯಿಲೆಯೋ?

ಹಾಗೆಂದು ಎಲ್ಲವನ್ನೂ ಹುಟ್ಟುಗುಣವೆಂದು ಕೈಬಿಡುವುದು ಅಪಾಯ. ವರ್ಷಗಟ್ಟಲೆ ಇಲ್ಲದ ಚಟ ಇದ್ದಕ್ಕಿದ್ದಂತೆ ಹತ್ತಿತೆ? ಮೊದಲು ಪಶುವೈದ್ಯರನ್ನು ಕಾಣಬೇಕು.

ಮುಖ್ಯವಾಗಿ ಜರ್ಮನ್ ಷೆಫರ್ಡ್, ನಮ್ಮವರ ಬಾಯಲ್ಲಿ ಅಲ್ಸೇಷನ್, ಸಾಕಿದವರು ಗಮನಿಸಬೇಕಾದ ಒಂದು ಕಾಯಿಲೆಯಿದೆ. ಮೇದೋಜೀರಕ ಗ್ರಂಥಿ ಜೀರ್ಣರಸ ಸ್ರವಿಸುವುದನ್ನು ನಿಲ್ಲಿಸಿಬಿಡುತ್ತದೆ. ನಾಯಿ ಬಕಾಸುರನಂತೆ ತಿನ್ನುತ್ತದೆ, ಆದರೂ ಪಕ್ಕೆಲುಬು ಎಣಿಸುವಂತೆ ಬಡಕಲಾಗುತ್ತದೆ. ಮಲ ರಾಶಿರಾಶಿ, ಬಣ್ಣ ಮಾಸಲು, ಜಿಡ್ಡು ಜಿಡ್ಡು. ಜೀರ್ಣವಾಗದ ಊಟವೇ ಹೊರಬೀಳುವುದರಿಂದ ನಾಯಿಯ ಮೂಗಿಗೆ ಅದು ಇನ್ನೂ ಊಟವೇ. ರಕ್ತಪರೀಕ್ಷೆಯಲ್ಲಿ ಇದು ಪತ್ತೆಯಾಗುತ್ತದೆ. ಊಟದೊಡನೆ ಜೀರ್ಣರಸದ ಪುಡಿ ಬೆರೆಸಿ ಕೊಡುತ್ತಾ ಬಂದರೆ ನಾಯಿ ಮತ್ತೆ ಮೈ ತುಂಬಿಕೊಳ್ಳುತ್ತದೆ. ಆದರೆ ಅದು ಸಾಮಾನ್ಯವಾಗಿ ಜೀವಮಾನದ ಔಷಧಿ. ಇಂಥ ನಾಯಿಯನ್ನು ‘ತಿನ್ನಬಾರದ್ದನ್ನು ತಿನ್ನುತ್ತದೆ’ ಎಂದು ಹೊಡೆದರೆ, ಹಸಿದವನನ್ನು ಹಸಿವೆಗಾಗಿ ಹೊಡೆದಂತೆ.

ಸಕ್ಕರೆ ಕಾಯಿಲೆ, ಹೊಟ್ಟೆ ತುಂಬ ಜಂತು, ಇವೂ ಹಸಿವು ಕೆರಳಿಸುತ್ತವೆ. ತುರಿಕೆಗೆಂದು ಕೊಡುವ ಸ್ಟೀರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ಫೀನೋಬಾರ್ಬಿಟೋನ್ ಮಾತ್ರೆಗಳೂ ಅಷ್ಟೆ. ಮಾತ್ರೆ ಶುರುವಾದ ಮೇಲೆ ಚಟ ಶುರುವಾಗಿದ್ದರೆ ವೈದ್ಯರಿಗೆ ಹೇಳಬೇಕು, ತಾವಾಗಿಯೇ ನಿಲ್ಲಿಸಿಬಿಡಬಾರದು. ಅನ್ನ-ಮೊಸರಿನ ಮೇಲೇ ನಾಯಿ ಸಾಕುವ ಮನೆಗಳಿಗೆ ಇನ್ನೊಂದು ಮಾತು. ಬಿ1 ಜೀವಸತ್ವವಿಲ್ಲದ ಊಟ ಹಾಕಿ ಬೀಗಲ್ ನಾಯಿಗಳ ಮೇಲೆ ನಡೆಸಿದ, 1981ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅವು ಸೊರಗುತ್ತಾ ಬಂದಂತೆ ಮಲ ತಿನ್ನತೊಡಗಿದವು. ಸಮತೋಲದ ಊಟವಿದ್ದರೆ ಈ ಭಯವಿಲ್ಲ. ಆದರೆ ಬರೀ ಬಿಳಿ ಅನ್ನ ಸಮತೋಲದ ಊಟವಲ್ಲ.

ವೈದ್ಯರ ಬಳಿ ಮಲಪರೀಕ್ಷೆಗೆ ಒಯ್ಯುವಾಗ ನಾಚಿಕೆ ಬಿಟ್ಟು ಹೇಳಲೇಬೇಕಾದದ್ದೊಂದಿದೆ: ನಾಯಿ ಏನೇನು ತಿನ್ನುತ್ತದೆ ಎಂಬುದು. ದನದ ಸಗಣಿಯೋ ಕೋಳಿ ಹಿಕ್ಕೆಯೋ ತಿಂದ ನಾಯಿಯ ಮಲದಲ್ಲಿ ದನದ, ಕೋಳಿಯ ಹುಳುಗಳ ಮೊಟ್ಟೆಗಳು ಹಾಗೆಯೇ ಹಾಯ್ದು ಬಂದಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಕಂಡು, ನಾಯಿಗೆ ಇಲ್ಲದ ರೋಗಕ್ಕೆ ಔಷಧಿ ಬೀಳುವುದುಂಟು.

ಸಗಣಿಯ ಮಾತು ಬಂದಾಗ ಕಾಲಿ ಜಾತಿಯ ನಾಯಿ ಇರುವವರಿಗೊಂದು ಎಚ್ಚರಿಕೆ. ದನಗಳಿಗೆ, ಕುದುರೆಗಳಿಗೆ ಹುಳುವಿಗೆಂದು ಐವರ್‌ಮೆಕ್ಟಿನ್ ಕೊಡುವುದು ಸಾಮಾನ್ಯ. ಔಷಧಿಯ ಅಂಶ ಸಗಣಿಯಲ್ಲೂ ಹೋಗುತ್ತದೆ. ಕಾಲಿ ನಾಯಿಗಳಲ್ಲಿ ಹಲವಕ್ಕೆ ವಂಶವಾಹಿಯ ದೋಷದಿಂದ ಆ ಔಷಧಿ ಮಿದುಳಿಗೇರಿ ವಿಷವಾಗುತ್ತದೆ. ತೂರಾಡುವುದು, ಕಣ್ಣು ಕಾಣದಂತಾಗುವುದು, ಎಚ್ಚರ ತಪ್ಪುವುದು ಕಂಡರೆ ನಿಂಬೆಹಣ್ಣು ಹಿಂಡುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು.

ಪೆಟ್ಟು, ಪುಡಿ, ಅನಾನಸ್ಸು

ಮೂತಿಯನ್ನು ಗಲೀಜಿಗೆ ತಿಕ್ಕಿ, ಸುರುಳಿ ಸುತ್ತಿದ ಪೇಪರಿನಿಂದ ನಾಲ್ಕು ಬಾರಿಸುವುದು ನಮ್ಮಲ್ಲಿ ತಲೆತಲಾಂತರದಿಂದ ಬಂದ ಚಿಕಿತ್ಸೆ. ನಾಯಿ ಇದರಿಂದ ಕಲಿಯುವುದೇನು? ‘ಇಲ್ಲಿ ಮಲ ಕಂಡರೆ ನನಗೆ ಏಟು’ ಎಂಬುದನ್ನು. ಹಾಗಾದರೆ ಮಲ ಕಾಣದಂತೆ ಮಾಡಬೇಕು. ಕಾಣದಂತೆ ಮಾಡುವ ಅತಿ ಶೀಘ್ರ ಉಪಾಯ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಹೊಡೆದವರೇ ಚಟ ಹತ್ತಿಸಿದ ಮನೆಗಳು ಎಷ್ಟೋ. ಕೂಗಾಡುತ್ತಾ ಅಟ್ಟಿಸಿಕೊಂಡು ಹೋಗುವುದೂ ಅಷ್ಟೆ. ನಾಯಿಗೆ ಅದು ಆಟ. ಇಲ್ಲವೆ, ‘ಇಷ್ಟು ಜನ ಓಡಿ ಬರುತ್ತಿದ್ದಾರೆಂದರೆ ಇದು ಭಾರಿ ರುಚಿಯ ವಸ್ತುವೇ ಇರಬೇಕು’ ಎಂಬ ತೀರ್ಮಾನ. ಬೇಗ ನುಂಗುತ್ತದೆ.

ಇನ್ನು ಪುಡಿಗಳು. ಊಟದೊಡನೆ ಬೆರೆಸಿ ಕೊಟ್ಟರೆ ಮಲದ ರುಚಿ ಕೆಡುತ್ತದೆ ಎಂದು ಹೇಳಿ ಮಾರುವ ಮಾತ್ರೆ, ಪುಡಿಗಳು ಸಾಕುಪ್ರಾಣಿ ಅಂಗಡಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಹಾರ್ಟ್ ತಂಡ ಇಂಥ 11 ಸರಕುಗಳ ಬಗ್ಗೆ ಮಾಲೀಕರನ್ನು ಕೇಳಿತು. ಗುಣವಾಯಿತು ಎಂದವರು ಹೆಚ್ಚೆಂದರೆ ನೂರಕ್ಕೆ ಇಬ್ಬರು. ಹಲವಕ್ಕೆ ಒಬ್ಬರೂ ಇಲ್ಲ. ಮನೆಮದ್ದಾದ ಅನಾನಸ್ಸು, ಕುಂಬಳಕಾಯಿಯನ್ನು ನಾಯಿ ಸಂತೋಷದಿಂದ ತಿಂದು, ಆಮೇಲೆ ತನ್ನ ಕೆಲಸವನ್ನೂ ಮುಂದುವರಿಸುತ್ತದೆ. ಮಲದ ಮೇಲೆ ಮೆಣಸಿನ ಪುಡಿ ಉದುರಿಸುವವರು ಒಂದನ್ನು ಯೋಚಿಸಬೇಕು: ಪುಡಿ ಉದುರಿಸಲು ಅಲ್ಲಿಗೆ ಹೋಗುವಷ್ಟು ವ್ಯವಧಾನವಿದ್ದರೆ ಅದನ್ನು ಎತ್ತಿ ಹಾಕಬಾರದೆ? ಬೆಳ್ಳುಳ್ಳಿ, ಈರುಳ್ಳಿಯಂತೂ ಕೂಡದು. ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಉಳಿದ ದಾರಿ ಬೇಸರದ್ದು, ಆದರೆ ಫಲ ಕೊಡುವಂಥದ್ದು. ತಿನ್ನಲು ಸಿಗದಂತೆ ಮಾಡುವುದು. ನಾಯಿಗೆ ಊಟ ಹೊತ್ತಿಗೆ ಸರಿಯಾಗಿ, ದಿನಕ್ಕೆ ಎರಡೇ ಸಲ. ದಿನವಿಡೀ ತಟ್ಟೆ ತುಂಬಿಟ್ಟರೆ ಹೊರಹೋಗುವ ಹೊತ್ತೂ ಗೊತ್ತಾಗುವುದಿಲ್ಲ. ಊಟವಾದ ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಮರಿಗಳಿಗೆ ಅವಸರವಾಗುತ್ತದೆ. ನಿದ್ದೆಯಿಂದ ಎದ್ದಾಗ, ಕುಣಿದಾಡಿದ ಮೇಲೆ ಕೂಡ. ಆ ಹೊತ್ತಿಗೆ ಬೆಲ್ಟು ಹಾಕಿ ಒಂದೇ ಜಾಗಕ್ಕೆ ಕರೆದೊಯ್ದು ಸುಮ್ಮನೆ ನಿಲ್ಲಬೇಕು. ಮುಗಿಸಿದ ಕ್ಷಣವೇ, ಅದು ತಿರುಗಿ ಮೂಸುವ ಮುನ್ನ, ಹೆಸರು ಹಿಡಿದು ಕರೆದು ಬಾಯಿಗೆ ಒಂದು ಚೂರು ತಿಂಡಿ. ಬೇಯಿಸಿದ ಕೋಳಿಯೋ ಮೊಟ್ಟೆಯೋ ಆಗಬಹುದು. ಸಸ್ಯಾಹಾರಿಗಳ ಮನೆಯಲ್ಲಿ ಪನ್ನೀರಿನ ತುಣುಕು. ನಾಯಿ ಅದನ್ನು ಅಗಿಯುತ್ತಾ ಮುಂದೆ ನಡೆದಾಗ ಹಿಂದಿದ್ದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಎತ್ತಿಬಿಡುವುದು. ದಿನ ತಪ್ಪದೆ ಹೀಗೆ ನಡೆದರೆ, ಮುಗಿಸಿದೊಡನೆ ಹಿಂದಕ್ಕಲ್ಲ, ಯಜಮಾನರ ಜೇಬಿನ ಕಡೆಗೆ ನೋಡುವುದು ನಾಯಿಗೆ ರೂಢಿಯಾಗುತ್ತದೆ.

ಜೊತೆಗೆ ‘ಬಿಡು’ ಎಂಬ ಪಾಠ. ಮುಷ್ಟಿಯಲ್ಲಿ ಬಿಸ್ಕತ್ತಿನ ಚೂರಿಟ್ಟು ನಾಯಿಯ ಮುಂದೆ ಹಿಡಿಯಬೇಕು. ಅದು ನೆಕ್ಕುತ್ತದೆ, ಕೆರೆಯುತ್ತದೆ, ಗೊಣಗುತ್ತದೆ. ಸೋತು ಮೂತಿ ಹಿಂದೆಗೆದ ತಕ್ಷಣ ‘ಬಿಡು’ ಎಂದು ಹೇಳಿ, ಇನ್ನೊಂದು ಕೈಯಿಂದ ಅದಕ್ಕಿಂತ ರುಚಿಯಾದದ್ದನ್ನು ಕೊಡಬೇಕು. ಮುಷ್ಟಿಯಿಂದ ನೆಲಕ್ಕೆ, ನೆಲದಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಈ ಪಾಠ ಹಬ್ಬಬೇಕು. ಇಲ್ಲಿ ಎಡವುವುದು ನಾಯಿಯಲ್ಲ, ಮನೆಮಂದಿ. ಅಪ್ಪ ‘ಬಿಡು’ ಎನ್ನುತ್ತಾರೆ, ಮಗ ‘ನೋ’ ಎನ್ನುತ್ತಾನೆ, ಅಜ್ಜಿ ‘ಛೀ, ಅನಿಷ್ಟವೇ’ ಎನ್ನುತ್ತಾರೆ. ಮೂರು ಭಾಷೆ ಕಲಿಯುವ ಹೊತ್ತಿಗೆ ನಾಯಿ ಊಟ ಮುಗಿಸಿರುತ್ತದೆ. ಪಾಠವೊಂದನ್ನೇ ನೆಚ್ಚಬಾರದು ಎಂಬುದೂ ನಿಜ. ಸಮೀಕ್ಷೆಯಲ್ಲಿ ಇಂಥ ತರಬೇತಿಯಿಂದ ಪೂರಾ ಬಿಟ್ಟ ನಾಯಿಗಳು ನೂರಕ್ಕೆ ನಾಲ್ಕರಷ್ಟೇ. ಎತ್ತಿ ಹಾಕುವ ಕೈಗೆ ‘ಬಿಡು’ ಒಂದು ಊರೆಗೋಲು.

ಬಾಡಿಗೆ ಮನೆಯ ತಾರಸಿಯಲ್ಲಿ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂಡಿಹಾಕಿದ ನಾಯಿಗೆ ಈ ಯಾವ ಉಪದೇಶವೂ ತಾಗುವುದಿಲ್ಲ. ನಾಲ್ಕು ಗೋಡೆ, ಒಂದು ನೀರಿನ ಬಟ್ಟಲು, ತನ್ನದೇ ಗಲೀಜು. ಹೊತ್ತು ಹೋಗಲು ಅದಕ್ಕೆ ಸಿಗುವುದೇ ಅಷ್ಟು. ಪಂಜರದಲ್ಲಿಟ್ಟು ಮಾರುವ ಮರಿಗಳದೂ ಇದೇ ಪಾಡು. ಮಲಗುವ, ತಿನ್ನುವ, ವಿಸರ್ಜಿಸುವ ಜಾಗ ಒಂದೇ. ದಿನಕ್ಕೆ ಎರಡು ಸಲ ಉದ್ದನೆಯ ತಿರುಗಾಟ, ಅಗಿಯಲು ಒಂದು ಗಟ್ಟಿ ಆಟಿಕೆ, ಮಧ್ಯಾಹ್ನ ಬಂದು ಚೊಕ್ಕಟ ಮಾಡುವವರೊಬ್ಬರು, ಇಷ್ಟು ಏರ್ಪಾಡಾಗದಿದ್ದರೆ ದೂರು ನಾಯಿಯ ಮೇಲಲ್ಲ.

ಬೀದಿಯಲ್ಲಿ ಏನು ಸಿಕ್ಕರೂ ಬಾಯಿ ಹಾಕುವ ನಾಯಿಗೆ ಕಣದಲ್ಲಿ ಎತ್ತಿಗೆ ಕಟ್ಟುವ ಕುಕ್ಕೆಯಂಥ ಬಾಯಿಬುಟ್ಟಿ ಹಾಕಬಹುದು. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಸಡಿಲವಿರಬೇಕು. ಬಟ್ಟೆಯಿಂದ ಬಿಗಿದು ಕಟ್ಟಿದರೆ ನಮ್ಮ ಏಪ್ರಿಲ್ ಬಿಸಿಲಿಗೆ ಪ್ರಾಣಕ್ಕೇ ಸಂಚಕಾರ. ಬೆಕ್ಕೂ ಇರುವ ಮನೆಯಲ್ಲಿ ಬೆಕ್ಕಿನ ಮರಳು ತಟ್ಟೆ ನಾಯಿಯ ಮೂತಿಗೆ ಎಟುಕದ ಎತ್ತರದಲ್ಲಿರಲಿ.

ಹಾಗಾದರೆ ಆ ಕೂಸಿನ ಕೆನ್ನೆ? ಗಾಬರಿ ಬೇಡ, ಅಸಡ್ಡೆಯೂ ಬೇಡ. ಸೋಪು ನೀರಿನಿಂದ ಮುಖ, ಕೈ ತೊಳೆದರಾಯಿತು. ತಾಜಾ ಮಲದಲ್ಲಿರುವ ದುಂಡುಹುಳುವಿನ ಮೊಟ್ಟೆ ಸೋಂಕು ತರಲು ವಾರಗಳೇ ಬೇಕು. ಭೇದಿ ತರುವ ಸಾಲ್ಮೊನೆಲ್ಲಾ, ಜಿಯಾರ್ಡಿಯಾಗಳು ಮಾತ್ರ ಅಷ್ಟು ಕಾಯುವುದಿಲ್ಲ. ನಿಜವಾದ ಅಪಾಯ ಎತ್ತದೆ ಬಿಟ್ಟ ಮಲದಲ್ಲಿದೆ. ಮಳೆಗೆ ಕರಗಿ ಮಣ್ಣಿಗೆ ಸೇರಿದ ಆ ಮೊಟ್ಟೆಗಳು ಅಲ್ಲೇ ಬಲಿತು, ಮಣ್ಣಾಟವಾಡುವ ಮಕ್ಕಳ ಬೆರಳಿನಿಂದ ಬಾಯಿಗೆ ಹೋದರೆ, ಮರಿಹುಳುಗಳು ಪಿತ್ತಜನಕಾಂಗಕ್ಕೆ, ಒಮ್ಮೊಮ್ಮೆ ಕಣ್ಣಿಗೂ ಸರಿಯುತ್ತವೆ. ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ನಾಯಿಮರಿಗಳಿಗೆ ಈ ಹುಳು ತಾಯಿಯ ಗರ್ಭದಲ್ಲೇ ಅಂಟಿರುತ್ತದೆ. ಹಾಗಾಗಿ ಮರಿಗೆ ಎರಡು ವಾರ ತುಂಬಿದಾಗಿನಿಂದ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ವೈದ್ಯರು ಹೇಳಿದ ಪ್ರಕಾರ, ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ, ಜಂತಿನ ಔಷಧಿ ಬೀಳಬೇಕು.

ಚಟ ಬಿಟ್ಟಿತು ಎಂದು ನಿಟ್ಟುಸಿರು ಬಿಟ್ಟ ಮನೆಯವರು ಸಾಮಾನ್ಯವಾಗಿ ಮೋಸ ಹೋಗುವುದು ಮದುವೆ ಮುಂಜಿಗೆ ಊರಿಗೆ ಹೊರಟಾಗ. ನಾಯಿಯನ್ನು ಪಕ್ಕದ ಮನೆಯವರಿಗೊಪ್ಪಿಸಿ, ಊಟದ ಅಳತೆ ಹೇಳಿ, ಬೆಲ್ಟು ಕೊಟ್ಟು, ಇದೊಂದನ್ನು ಮಾತ್ರ ಸಂಕೋಚದಿಂದ ಹೇಳದೆ ಹೋಗುತ್ತಾರೆ. ನಾಲ್ಕು ದಿನ ಹಿತ್ತಲಲ್ಲಿ ಯಾರೂ ಎತ್ತುವುದಿಲ್ಲ. ಬಸ್ಸು ಹತ್ತುವ ಮುನ್ನ ಊಟದ ಅಳತೆಯ ಚೀಟಿಯಲ್ಲೇ ಇದನ್ನೂ ಬರೆದು, ಪ್ಲಾಸ್ಟಿಕ್ ಕವರುಗಳ ಕಟ್ಟನ್ನು ಬೆಲ್ಟಿನ ಜೊತೆಗೇ ಕೊಟ್ಟುಹೋಗುವುದು ಒಳ್ಳೆಯದು.